ಬಿಲ್ ಬರೆಯುವ ಕಂಪ್ಯೂಟರ್ ಬೇರೆ, ಕೇಸ್ ಶೀಟ್ ಬರೆಯುವ ಕಂಪ್ಯೂಟರ್ ಬೇರೆ

ಪ್ರಶ್ನೆ: ನಾನು ತಾಲೂಕು ಊರೊಂದರ 40 ಹಾಸಿಗೆಯ ನರ್ಸಿಂಗ್ ಹೋಮ್‌ನಲ್ಲಿ ವಾರ್ಡ್ ಇನ್‌ಚಾರ್ಜ್ ಸಿಸ್ಟರ್. ನಮ್ಮಲ್ಲಿ ಬಿಲ್ಲಿಂಗ್ ಮತ್ತು ಫಾರ್ಮಸಿ ಸ್ಟಾಕ್ ಮಾತ್ರ ಕಂಪ್ಯೂಟರ್‌ನಲ್ಲಿದೆ. ಈಗ ಕೇಸ್ ಶೀಟ್, ಡ್ರಗ್ ಚಾರ್ಟ್, ಲ್ಯಾಬ್ ರಿಪೋರ್ಟ್ ಎಲ್ಲವನ್ನೂ ಕಂಪ್ಯೂಟರಿಗೆ ತರಲು ನಮ್ಮ ಡಾಕ್ಟರ್ ತೀರ್ಮಾನಿಸಿದ್ದಾರೆ. ಮೂರು ಕಂಪನಿಯವರು ಬಂದು ತೋರಿಸಿ ಹೋದರು. ನನಗೆ ಮೂರೂ ಒಂದೇ ಥರ ಕಂಡವು. "ವಾರ್ಡ್‌ಗೆ ಏನು ಬೇಕು ಅಂತ ನೀವೇ ಹೇಳಿ ಸಿಸ್ಟರ್" ಅಂದಿದ್ದಾರೆ ಡಾಕ್ಟರ್. ನನಗೆ ಕಂಪ್ಯೂಟರ್ ಅಷ್ಟಾಗಿ ಬರುವುದಿಲ್ಲ. ಕೆಲಸ ಎರಡರಷ್ಟಾಗುತ್ತೆ ಅಂತ ನಮ್ಮ ಹುಡುಗಿಯರಿಗೆ ಭಯ. ಇದರಿಂದ ರೋಗಿಗೆ ನಿಜಕ್ಕೂ ಉಪಯೋಗ ಇದೆಯಾ? ಏನು ನೋಡಿ ಆರಿಸಬೇಕು? ಕನ್ನಡದಲ್ಲೂ ಬರುತ್ತಾ?

ಉತ್ತರ:

ಸಿಸ್ಟರ್, ಮೊದಲು ನಿಮ್ಮ ಡಾಕ್ಟರಿಗೆ ನನ್ನದೊಂದು ನಮಸ್ಕಾರ ತಿಳಿಸಿ. ಇಪ್ಪತ್ತು ವರ್ಷದಿಂದ ಆಸ್ಪತ್ರೆಗಳಲ್ಲಿ ಇಂಥ ಸಾಫ್ಟ್‌ವೇರ್ ಕೂರಿಸುವ ಕೆಲಸ ಮಾಡುತ್ತಿದ್ದೇನೆ. ಕೊಳ್ಳುವ ಮುಂಚೆ ವಾರ್ಡ್ ಸಿಸ್ಟರನ್ನು ಕರೆದು ಕೇಳಿದವರು ಬೆರಳೆಣಿಕೆಯಷ್ಟು ಜನ. ಸಾಮಾನ್ಯವಾಗಿ ಮಾಲೀಕರು, ಅಕೌಂಟೆಂಟ್, ಕಂಪನಿಯವರು ಕೂತು ಮುಗಿಸಿಬಿಡುತ್ತಾರೆ. ಸಿಸ್ಟರಿಗೆ ಸುದ್ದಿ ಗೊತ್ತಾಗುವುದು ಟ್ರೈನಿಂಗ್ ದಿನ.

ಮೂರೂ ಒಂದೇ ಥರ ಕಂಡವು ಅಂದಿರಿ. ಕಾಣಲೇಬೇಕು. ಅವರು ತೋರಿಸಿದ್ದು ಬಹುಶಃ ಬಣ್ಣಬಣ್ಣದ ಒಂದು ಪರದೆ. ಇವತ್ತು ಎಷ್ಟು ಓಪಿ, ಎಷ್ಟು ಹಾಸಿಗೆ ತುಂಬಿದೆ, ಎಷ್ಟು ಹಣ ಬಂತು. ಅದು ಲೆಕ್ಕದ ಕಂಪ್ಯೂಟರ್. ನಿಮ್ಮಲ್ಲಿ ಈಗಾಗಲೇ ಇದೆ. ನೀವು ಕೊಳ್ಳಲು ಹೊರಟಿರುವುದು ಬೇರೆ ಜಾತಿಯದು. ಲೆಕ್ಕದ ಕಂಪ್ಯೂಟರ್ ಆಗಿಹೋದದ್ದನ್ನು ಬರೆದುಕೊಂಡರೆ ಸಾಕು. ಆರೈಕೆಯ ಕಂಪ್ಯೂಟರ್ ಆಗಬೇಕಾದ್ದನ್ನು ನೆನಪಿಟ್ಟುಕೊಂಡಿರಬೇಕು, ಆಗದೇ ಉಳಿದರೆ ಹೇಳಬೇಕು. "ಸೆಫ್ಟ್ರಿಯಾಕ್ಸೋನ್ ಎರಡು ವಯಲ್ ಬಿಲ್ ಆಗಿದೆ" ಅನ್ನುವಲ್ಲಿಗೆ ಮೊದಲನೆಯದರ ಕೆಲಸ ಮುಗಿಯಿತು. "ಆರನೇ ಹಾಸಿಗೆಗೆ ರಾತ್ರಿ 10ರ ಡೋಸ್ ಇನ್ನೂ ಹೋಗಿಲ್ಲ, ಯಾಕೆ?" ಎಂದು ಕೇಳುವುದು ಎರಡನೆಯದು.

ಹಾಗಾಗಿ ಕಂಪನಿಯವರು ಮತ್ತೆ ಬಂದಾಗ ಬೇರೇನೂ ಕೇಳಬೇಡಿ. ಒಂದು ಮಾತ್ರೆಯ ಬೆನ್ನು ಹತ್ತಲು ಹೇಳಿ. ಡಾಕ್ಟರ ಬಾಯಿಂದ ಹೊರಟು ರೋಗಿಯ ಬಾಯಿ ಸೇರುವ ತನಕ.

ಬೆಳಗ್ಗೆ ರೌಂಡ್ಸ್‌ನಲ್ಲಿ ಡಾಕ್ಟರ್ ಒಂದು ಔಷಧಿ ಹೇಳುತ್ತಾರೆ. ಅದನ್ನು ಯಾರು ಟೈಪ್ ಮಾಡುತ್ತಾರೆ? ಹಾಸಿಗೆಯ ಪಕ್ಕದಲ್ಲೋ, ಆಮೇಲೆ ಕೌಂಟರ್‌ಗೆ ಬಂದೋ? ಫಾರ್ಮಸಿಗೆ ಇಂಡೆಂಟ್, ಅಂದರೆ ಔಷಧಿ ಕಳಿಸಿ ಅನ್ನುವ ಬೇಡಿಕೆ, ತಾನಾಗಿ ಹೋಗುತ್ತಾ, ನೀವು ಇನ್ನೊಮ್ಮೆ ಬರೆಯಬೇಕಾ? ಸ್ಟಾಕ್ ಇಲ್ಲದಿದ್ದರೆ ಆ ಸುದ್ದಿ ಡಾಕ್ಟರಿಗೆ ತಲುಪುವುದು ಹೇಗೆ? ರೋಗಿಯ ಕಡೆಯವರು ಹೊರಗಿನ ಮೆಡಿಕಲ್ ಸ್ಟೋರಿಂದ ಬೇರೆ ಹೆಸರಿನ ಅದೇ ಔಷಧಿ ತಂದರೆ? ಮಧ್ಯಾಹ್ನ ಡಾಕ್ಟರ್ ಫೋನ್ ಮಾಡಿ "ಅದನ್ನು ನಿಲ್ಲಿಸಿ ಸಿಸ್ಟರ್" ಅಂದರೆ ಆ ಮಾತು ಎಲ್ಲಿ, ಯಾರ ಹೆಸರಲ್ಲಿ ದಾಖಲಾಗುತ್ತೆ? ರೋಗಿ ವಾಂತಿ ಮಾಡಿಕೊಂಡರೆ, ಆಪರೇಷನ್‌ಗೆ ಅಂತ ಖಾಲಿ ಹೊಟ್ಟೆಯಲ್ಲಿದ್ದರೆ, "ಕೊಟ್ಟಿಲ್ಲ" ಅಂತ ಕಾರಣ ಸಮೇತ ಬರೆಯಲು ಜಾಗ ಇದೆಯಾ? ರಾತ್ರಿ ಡ್ಯೂಟಿಯವಳು ಬಂದಾಗ ಇದೆಲ್ಲ ಅವಳಿಗೆ ಒಂದೇ ಪರದೆಯಲ್ಲಿ ಕಾಣುತ್ತಾ?

ಈ ಪ್ರಶ್ನೆಗಳಿಗೆ ಕಂಪ್ಯೂಟರ್ ಬರಬೇಕಿಲ್ಲ, ವಾರ್ಡ್ ಬರಬೇಕು. ಅದು ನಿಮಗೆ ಬರುತ್ತದೆ. ಮೂರೂ ಕಂಪನಿಗಳ ಬಣ್ಣ ಇಲ್ಲಿ ಬೇರೆ ಬೇರೆಯಾಗಿ ಕಾಣಲು ಶುರುವಾಗುತ್ತೆ ನೋಡಿ. "ಅದು ಮುಂದಿನ ವರ್ಷನ್‌ನಲ್ಲಿ ಬರುತ್ತೆ ಮೇಡಂ" ಅನ್ನುವ ಮಾತು ಎಷ್ಟು ಸಲ ಬಂತು ಅಂತ ಒಂದು ಚೀಟಿಯಲ್ಲಿ ಗೀಟು ಹಾಕುತ್ತಾ ಹೋಗಿ.

ಇನ್ನು ನಿಮ್ಮ ಮೊದಲ ಪ್ರಶ್ನೆ. ರೋಗಿಗೆ ಉಪಯೋಗ ಇದೆಯಾ?

ಇದೆ. ಆದರೆ ಸಾಫ್ಟ್‌ವೇರ್ ಮಾರುವವರು ಹೇಳುವ ಕಾರಣಕ್ಕಲ್ಲ. 1976ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಕ್ಲೆಮೆಂಟ್ ಮೆಕ್‌ಡೊನಾಲ್ಡ್ ಎಂಬ ಡಾಕ್ಟರ್ ಒಂದು ಚೆಂದದ ಪರೀಕ್ಷೆ ಮಾಡಿದರು. ಅಲ್ಲಿನ ಕ್ಲಿನಿಕ್‌ನ ಡಾಕ್ಟರುಗಳಿಗೆ ಕಂಪ್ಯೂಟರಿನಿಂದ ಒಂದು ಜ್ಞಾಪನೆಯ ಚೀಟಿ ಬರುವಂತೆ ಮಾಡಿದರು. ಈ ರೋಗಿ ಇಂಥ ಔಷಧಿಯಲ್ಲಿದ್ದಾರೆ, ಇಂಥ ರಕ್ತಪರೀಕ್ಷೆ ಬಾಕಿಯಿದೆ, ಹೀಗೆ. ಚೀಟಿ ಇದ್ದಾಗ ಡಾಕ್ಟರುಗಳು ಗಮನಿಸಬೇಕಾದ ಸಂಗತಿಗಳಲ್ಲಿ 51 ಶೇಕಡಾವನ್ನು ಗಮನಿಸಿದರು. ಚೀಟಿ ಇಲ್ಲದಾಗ 22 ಶೇಕಡಾ ಮಾತ್ರ. ಅವೇ ಡಾಕ್ಟರುಗಳು, ಅದೇ ಓದು. ಗೊತ್ತಿಲ್ಲದೆ ಬಿಟ್ಟದ್ದಲ್ಲ ಅದು. ಮನುಷ್ಯನ ತಲೆಗೆ ಒಂದು ದಿನಕ್ಕೆ ಹಿಡಿಸುವುದೇ ಅಷ್ಟು. ಮೂವತ್ತು ರೋಗಿ ನೋಡಿ ಮುಗಿಸಿದ ಸಂಜೆ ನಿಮಗೂ ಇದು ಗೊತ್ತಿರುತ್ತೆ ಅಲ್ವಾ?

ಆಮೇಲೆ 1998ರಲ್ಲಿ ಬೋಸ್ಟನ್ನಿನ ಬ್ರಿಗಮ್ ಆಸ್ಪತ್ರೆಯವರು ಡಾಕ್ಟರೇ ಕಂಪ್ಯೂಟರಿನಲ್ಲಿ ಔಷಧಿ ಬರೆಯುವ ಪದ್ಧತಿ ತಂದಾಗ ಏನಾಯಿತು ಅಂತ ಲೆಕ್ಕ ಹಾಕಿದರು. ಗಂಭೀರವಾದ ಔಷಧಿ ತಪ್ಪುಗಳು ಅರ್ಧಕ್ಕಿಂತ ಜಾಸ್ತಿ, 55 ಶೇಕಡಾ, ಇಳಿದಿದ್ದವು. ಕೈಬರಹ ಓದುವ ಗೋಳು ತಪ್ಪಿತು, ಡೋಸ್ ಬರೆಯದೆ ಮುಂದೆ ಹೋಗಲು ಆಗದಂತಾಯಿತು. ಅದೇ ಆಸ್ಪತ್ರೆ 2010ರಲ್ಲಿ ಇನ್ನೊಂದು ಲೆಕ್ಕ ಕೊಟ್ಟಿತು. ಔಷಧಿಯ ಪೊಟ್ಟಣಕ್ಕೂ ರೋಗಿಯ ಕೈಪಟ್ಟಿಗೂ ಬಾರ್‌ಕೋಡ್ ಹಾಕಿ, ಕೊಡುವ ಮುಂಚೆ ಎರಡನ್ನೂ ಸ್ಕ್ಯಾನ್ ಮಾಡಿದರೆ ಎಷ್ಟು ಬದಲಾವಣೆ ಅಂತ. ಸಮಯದ ಹೆಚ್ಚುಕಮ್ಮಿ ಬಿಟ್ಟು ಉಳಿದ ತಪ್ಪುಗಳು ನೂರಕ್ಕೆ ಹನ್ನೊಂದೂವರೆಯಿಂದ ಏಳರ ಒಳಗೆ ಬಂದವು.

ಈ ಬಾರ್‌ಕೋಡ್ ಕಥೆ ನಿಮಗೆ ಹೇಳಲೇಬೇಕು. ಏಕೆಂದರೆ ಇದು ಹೊಳೆದದ್ದು ಒಬ್ಬ ನರ್ಸಿಗೆ. ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ಒಂದು ಕಾನ್ಸಾಸ್ ರಾಜ್ಯದ ಟೊಪೀಕಾದಲ್ಲಿದೆ. ಅಲ್ಲಿನ ಸಿಸ್ಟರ್ ಸ್ಯೂ ಕಿನ್ನಿಕ್ 1992ರಲ್ಲಿ ಬಾಡಿಗೆ ಕಾರು ವಾಪಸ್ ಕೊಡಲು ಹೋಗಿದ್ದರು. ಅಲ್ಲಿನ ಕೆಲಸಗಾರ ಕೈಯಲ್ಲಿ ಹಿಡಿದ ಯಂತ್ರವನ್ನು ಕಾರಿನ ಚೀಟಿಗೆ ತೋರಿಸಿದ, ಟಕ್ ಅಂತ ಎಲ್ಲ ವಿವರ ಬಂತು. ಕಾರಿಗೆ ಇದನ್ನು ಮಾಡುವುದಾದರೆ ರೋಗಿಯ ಔಷಧಿಗೆ ಯಾಕೆ ಮಾಡಬಾರದು ಅಂತ ಅವರಿಗೆ ಅನ್ನಿಸಿತು. ಆ ದಶಕ ಮುಗಿಯುವ ಹೊತ್ತಿಗೆ ಆ ಪದ್ಧತಿ ಅಲ್ಲಿನ ಸೈನಿಕರ ಆಸ್ಪತ್ರೆಗಳಿಗೆಲ್ಲ ಹರಡತೊಡಗಿತ್ತು. ನಿಮ್ಮ ಹುಡುಗಿಯರಿಗೆ ಇದನ್ನು ಹೇಳಿ. ವಾರ್ಡಿನ ಕಂಪ್ಯೂಟರಿನ ಒಳ್ಳೆಯ ವಿಚಾರಗಳಲ್ಲಿ ಒಂದು ಬಂದದ್ದು ಟ್ರಾಲಿ ತಳ್ಳುವವರಿಂದ.

ಈಗ ಕೆಟ್ಟ ಕಥೆ. ಇದನ್ನೂ ಪೂರ್ತಿ ಕೇಳಿ, ಏಕೆಂದರೆ ಇದರಲ್ಲಿ ಎಲ್ಲರೂ ಬುದ್ಧಿವಂತರೇ.

2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ಆಸ್ಪತ್ರೆ, ದೊಡ್ಡ ಹೆಸರಿನದು. 16 ವರ್ಷದ ಹುಡುಗ, ತೂಕ 38.6 ಕಿಲೋ. ಅವನು ದಿನಾ ತೆಗೆದುಕೊಳ್ಳುತ್ತಿದ್ದ ಮಾತ್ರೆ ಸೆಪ್ಟ್ರಾ. ನಮ್ಮಲ್ಲಿ ಸೆಪ್ಟ್ರಾನ್ ಅಂತ ಸಿಗುವ ಕೋಟ್ರೈಮಾಕ್ಸಜೋಲ್. ಹೊತ್ತಿಗೆ ಒಂದು ಮಾತ್ರೆ, ಅಂದರೆ 160 ಮಿಲಿಗ್ರಾಂ. ಡಾಕ್ಟರ್ ಮೊದಲು ತೂಕದ ಲೆಕ್ಕದಲ್ಲಿ, ಕಿಲೋಗೆ 5 ಮಿಲಿಗ್ರಾಂ ಅಂತ ಹಾಕಿದರು. 193 ಬಂತು. ಅಂಥ ಮಾತ್ರೆ ಇಲ್ಲ, 160 ಅಂತ ತಿದ್ದಿ ಎಂದು ಫಾರ್ಮಸಿಸ್ಟ್ ಕೇಳಿದರು. ಡಾಕ್ಟರ್ ಪೆಟ್ಟಿಗೆಯಲ್ಲಿ 160 ಅಂತ ಟೈಪ್ ಮಾಡಿದರು. ಆದರೆ ಪಕ್ಕದ ಪೆಟ್ಟಿಗೆ ಇನ್ನೂ "ಕಿಲೋಗೆ ಇಷ್ಟು ಮಿಲಿಗ್ರಾಂ" ಅಂತಲೇ ನಿಂತಿತ್ತು. ಕಂಪ್ಯೂಟರ್ ಮರು ಮಾತಿಲ್ಲದೆ 160ನ್ನು ತೂಕದಿಂದ ಗುಣಿಸಿತು. ಮೂವತ್ತೆಂಟೂವರೆ ಮಾತ್ರೆ!

ಎಚ್ಚರಿಕೆ ಬರಲಿಲ್ಲವೇ? ಬಂತು. ಡಾಕ್ಟರಿಗೂ ಬಂತು, ಫಾರ್ಮಸಿಸ್ಟಿಗೂ ಬಂತು. ಇಬ್ಬರೂ ದಾಟಿ ಹೋದರು. ದಿನವಿಡೀ ಬೇಡದ್ದಕ್ಕೆಲ್ಲ ಎಚ್ಚರಿಕೆ ಬಂದು ಬಂದು ಅವರ ಬೆರಳು ತಾನಾಗಿ ಅದನ್ನು ಮುಚ್ಚುತ್ತಿತ್ತು. ಊರ ನಾಯಿ ಎಲ್ಲರಿಗೂ ಬೊಗಳಿದರೆ ಕಳ್ಳ ಬಂದಾಗ ಯಾರೂ ಏಳುವುದಿಲ್ಲ. ಫಾರ್ಮಸಿಯ ರೋಬಾಟ್ ಅಚ್ಚುಕಟ್ಟಾಗಿ ಮೂವತ್ತೆಂಟೂವರೆ ಮಾತ್ರೆ ಕಟ್ಟಿ ಕಳಿಸಿತು. ಆ ರಾತ್ರಿ ಬೇರೆ ವಾರ್ಡಿನಿಂದ ಬಂದಿದ್ದ ಸಿಸ್ಟರಿಗೆ ಅನುಮಾನ ಬಂತು. ಇಷ್ಟೊಂದಾ? ಆದರೆ ಸ್ಕ್ಯಾನ್ ಮಾಡಿದರೆ ಯಂತ್ರ ಸರಿ ಅಂದಿತು. ಬಾರ್‌ಕೋಡ್ ಪ್ರಕಾರ ಸರಿಯೇ. ಆರ್ಡರ್‌ನಲ್ಲಿ ಇದ್ದದ್ದೂ ಅದೇ, ಪೊಟ್ಟಣದಲ್ಲಿ ಬಂದದ್ದೂ ಅದೇ. ಅವರು ಕೊಟ್ಟರು, ಹುಡುಗ ನುಂಗಿದ. ಕೆಲವು ಗಂಟೆಗಳ ನಂತರ ಫಿಟ್ಸ್ ಬಂತು. ಪುಣ್ಯಕ್ಕೆ ಬದುಕಿಕೊಂಡ.

ಕಾಗದದ ಡ್ರಗ್ ಚಾರ್ಟ್ ಇದ್ದಿದ್ದರೆ "38 ಮಾತ್ರೆ" ಅಂತ ಯಾರ ಕೈಯೂ ಬರೆಯುತ್ತಿರಲಿಲ್ಲ. ಇದಕ್ಕೇ ನಾನು ಹೇಳುವುದು, ಕಂಪ್ಯೂಟರ್ ಹಳೆಯ ತಪ್ಪುಗಳನ್ನು ತೆಗೆಯುತ್ತದೆ, ಜೊತೆಗೆ ತನ್ನದೇ ಹೊಸ ತಪ್ಪುಗಳನ್ನು ತರುತ್ತದೆ. 2005ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಇಂಥದ್ದೊಂದು ಪದ್ಧತಿಯನ್ನು ಕೂತು ನೋಡಿ, ಅದರಿಂದಲೇ ಹುಟ್ಟುವ 22 ಬಗೆಯ ಔಷಧಿ ತಪ್ಪಿನ ದಾರಿಗಳನ್ನು ಪಟ್ಟಿ ಮಾಡಿದ್ದರು. ಹಾಗಾಗಿ ನಿಮ್ಮ ಬೆನ್ನು ಹತ್ತುವ ಪರೀಕ್ಷೆಯಲ್ಲಿ ಇದನ್ನೂ ಸೇರಿಸಿ. ಮಗುವಿಗೆ ಪ್ಯಾರಾಸಿಟಮಾಲ್ ಸಿರಪ್ ಬರೆಯುವ ಕಡೆ ಬೇಕಂತಲೇ ಹತ್ತರಷ್ಟು ಡೋಸ್ ಹಾಕಿಸಿ. ಏನನ್ನುತ್ತೆ ನೋಡಿ. ಆಮೇಲೆ ಸರಿಯಾದ ಡೋಸ್ ಹಾಕಿಸಿ. ಆಗಲೂ ಎರಡು ಮೂರು ಕೆಂಪು ಪೆಟ್ಟಿಗೆ ಹಾರಿ ಬಂದರೆ ಆ ಸಾಫ್ಟ್‌ವೇರ್ ನಿಮ್ಮ ಡಾಕ್ಟರಿಗೆ ಒಂದೇ ತಿಂಗಳಲ್ಲಿ ಕಿವುಡು ಕಲಿಸುತ್ತದೆ. ಹೊಸ ರೋಗಿಯ ತೂಕ ಮತ್ತು ಅಲರ್ಜಿ ತುಂಬದೆ ಔಷಧಿ ಬರೆಯಲು ಬಿಡುತ್ತಾ ಅಂತಲೂ ನೋಡಿ. "ಅಲರ್ಜಿ ಇಲ್ಲ" ಮತ್ತು "ಅಲರ್ಜಿ ಕೇಳಿಲ್ಲ" ಎರಡಕ್ಕೂ ಬೇರೆ ಬೇರೆ ಜಾಗ ಇರಬೇಕು. ಸಲ್ಫಾ ಆಗಲ್ಲ ಅಂತ ಬರೆದ ರೋಗಿಗೆ, ಸಲ್ಫಾ ಇರುವ ಸೆಪ್ಟ್ರಾನ್ ಅಂತ ಬ್ರ್ಯಾಂಡ್ ಹೆಸರು ಹಾಕಿದಾಗ ಅದಕ್ಕೆ ಗೊತ್ತಾಗಬೇಕು. ನಮ್ಮಲ್ಲಿ ಒಂದೇ ಔಷಧಿಗೆ ಹತ್ತಾರು ಬ್ರ್ಯಾಂಡ್. ಹೊರದೇಶದ ಔಷಧಿ ಪಟ್ಟಿಯನ್ನು ಹಾಗೇ ತಂದಿಟ್ಟ ಸಾಫ್ಟ್‌ವೇರ್‌ಗಳು ಇಲ್ಲಿ ಎಡವುತ್ತವೆ.

ಒಂದೇ ಸಾಫ್ಟ್‌ವೇರ್ ಎರಡು ಕಡೆ ಎರಡು ಥರ ನಡೆದ ಉದಾಹರಣೆಯೂ ಇದೆ. ಪಿಟ್ಸ್‌ಬರ್ಗಿನ ಮಕ್ಕಳ ಆಸ್ಪತ್ರೆಯಲ್ಲಿ ಕಂಪ್ಯೂಟರಿನಲ್ಲಿ ಔಷಧಿ ಬರೆಯುವುದು ಶುರುವಾದ ಮೇಲೆ, ಬೇರೆ ಕಡೆಯಿಂದ ತುರ್ತಾಗಿ ತಂದ ಮಕ್ಕಳಲ್ಲಿ ಸಾವು ನೂರಕ್ಕೆ 2.8ರಿಂದ 6.57ಕ್ಕೆ ಏರಿತು ಎಂದು 2005ರಲ್ಲಿ ಅಲ್ಲಿನ ಡಾಕ್ಟರುಗಳೇ ಬರೆದರು. ಮೊದಲಾದರೆ ಆಂಬುಲೆನ್ಸ್ ದಾರಿಯಲ್ಲಿರುವಾಗಲೇ ಡಾಕ್ಟರ್ ಔಷಧಿ ಹೇಳಿ ತಯಾರು ಮಾಡಿಸುತ್ತಿದ್ದರು. ಹೊಸ ಪದ್ಧತಿಯಲ್ಲಿ ಮಗು ಬಂದು ರಿಜಿಸ್ಟರ್ ಆಗುವ ತನಕ ಆರ್ಡರ್ ಹಾಕಲು ಆಗುತ್ತಿರಲಿಲ್ಲ. ವಾರ್ಡಿನಲ್ಲಿದ್ದ ಔಷಧಿಯನ್ನೂ ಫಾರ್ಮಸಿಗೆ ಸಾಗಿಸಿದ್ದರು. ಮಗುವಿನ ಪಕ್ಕ ಇರಬೇಕಾದ ಕೈಗಳು ಕೀಲಿಮಣೆ ಹಿಡಿದು ಕೂತಿದ್ದವು. ಅದೇ ಸಾಫ್ಟ್‌ವೇರನ್ನು ಸಿಯಾಟಲ್‌ನ ಮಕ್ಕಳ ಆಸ್ಪತ್ರೆಯವರೂ ಹಾಕಿದರು. ಅಲ್ಲಿ ಸಾವು ಹೆಚ್ಚಾಗಲಿಲ್ಲ. ಅವರು ಕೆಲಸ ನಡೆಯುವ ರೀತಿಯನ್ನು ಮೊದಲು ನೋಡಿ, ತುರ್ತಿನಲ್ಲಿ ಬೇಕಾಗುವ ಆರ್ಡರ್‌ಗಳನ್ನು ಕಟ್ಟುಕಟ್ಟಾಗಿ ಮುಂಚೆಯೇ ಮಾಡಿಟ್ಟಿದ್ದರು.

ನಿಮ್ಮಲ್ಲಿ ಹೆರಿಗೆ ಕೇಸ್ ರಾತ್ರಿ ಒಂದು ಗಂಟೆಗೆ ಆಟೋದಲ್ಲಿ ಬರುತ್ತದೆ. ರಿಜಿಸ್ಟ್ರೇಷನ್ ಹುಡುಗ ಮಲಗಿರುತ್ತಾನೆ. ಹೆಸರಿಲ್ಲದೆ, ಒಂದು ತಾತ್ಕಾಲಿಕ ನಂಬರಿನಲ್ಲಿ ಆರ್ಡರ್ ಶುರು ಮಾಡಿ, ಬೆಳಗ್ಗೆ ಅದನ್ನು ಅಸಲಿ ನಂಬರಿಗೆ ಸೇರಿಸಲು ಬರುತ್ತಾ? ಕೇಳಿ. ಹುಟ್ಟಿದ ಮಗುವನ್ನು ತಾಯಿಯ ಜೊತೆ ಹೇಗೆ ಜೋಡಿಸುತ್ತೀರಿ, ಅವಳಿ ಆದರೆ ಏನು, ಅದನ್ನೂ ಕೇಳಿ.

ನಂಬರ್ ಅಂದ ಮೇಲೆ ನೆನಪಾಯಿತು. ಇದು ಯಾರೂ ಮಾತಾಡದ, ಆದರೆ ನನ್ನ ನಿದ್ದೆ ಕೆಡಿಸಿದ ವಿಷಯ. ನಾನು ಸಾಫ್ಟ್‌ವೇರ್ ಕೂರಿಸಿದ ಒಂದು ಆಸ್ಪತ್ರೆಯಲ್ಲಿ ವರ್ಷ ಕಳೆದ ಮೇಲೆ ಹೋಗಿ ನೋಡಿದೆ. ಒಬ್ಬರೇ ಅಜ್ಜಿಗೆ ನಾಲ್ಕು ನಂಬರ್ ಇದ್ದವು. ಲಕ್ಷ್ಮಮ್ಮ ಅನ್ನುವ ಹೆಸರನ್ನು ಒಬ್ಬ ಹುಡುಗ ಇಂಗ್ಲಿಷಿನಲ್ಲಿ ಎಕ್ಸ್ ಹಾಕಿ ಬರೆದಿದ್ದ, ಇನ್ನೊಬ್ಬಳು ಕೆ-ಎಸ್-ಎಚ್ ಹಾಕಿ ಬರೆದಿದ್ದಳು. ವಯಸ್ಸು ಒಮ್ಮೆ 60, ಇನ್ನೊಮ್ಮೆ 65. ಕೇಳಿದರೆ ಅಜ್ಜಿ "ಅರವತ್ತೋ ಎಪ್ಪತ್ತೋ ಬರ್ಕೊಳಪ್ಪಾ" ಅಂದಿರುತ್ತಾರೆ. ಫೋನ್ ನಂಬರ್ ಒಮ್ಮೆ ಮಗನದು, ಒಮ್ಮೆ ಅಳಿಯನದು. ಒಂದು ನಂಬರಿನಲ್ಲಿ ಸಕ್ಕರೆ ಕಾಯಿಲೆ ಬರೆದಿದೆ, ಇನ್ನೊಂದರಲ್ಲಿ ಪೆನಿಸಿಲಿನ್ ಅಲರ್ಜಿ ಬರೆದಿದೆ. ಎರಡೂ ಒಂದನ್ನೊಂದು ನೋಡಿಲ್ಲ. ಅದಕ್ಕಿಂತ ಭಯದ್ದು ಇದರ ತಿರುಗುಮುರುಗು. ಅದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇದ್ದು, ಒಬ್ಬರ ಲ್ಯಾಬ್ ರಿಪೋರ್ಟ್ ಇನ್ನೊಬ್ಬರ ಕೇಸ್ ಶೀಟಿಗೆ ಹೋಗುವುದು. ಆ ತಪ್ಪು ಅಲ್ಲಿ ಆಗಿತ್ತು. ತಪ್ಪು ಗುಂಪಿನ ರಕ್ತ ಕೊಡುವ ಹಂತಕ್ಕೆ ಹೋಗುವ ಮುಂಚೆಯೇ ಒಬ್ಬ ಸಿಸ್ಟರ್ ಹಿಡಿದರು. ಅಂದಿನಿಂದ ನಾನು ಹುಡುಕುವ ಪರದೆಯನ್ನೇ ಮೊದಲು ನೋಡುತ್ತೇನೆ. ಉಚ್ಚಾರದ ಮೇಲೆ ಹುಡುಕುತ್ತಾ? ಗಂಡನ ಹೆಸರು, ಊರಿನ ಹೆಸರಿನ ಮೇಲೆ ಹುಡುಕುತ್ತಾ? ಎರಡು ನಂಬರ್ ಒಬ್ಬರದೇ ಅಂತ ಗೊತ್ತಾದರೆ ಒಂದು ಮಾಡಲು, ತಪ್ಪಾಗಿ ಒಂದು ಮಾಡಿದ್ದರೆ ಬಿಡಿಸಲು ಆಗುತ್ತಾ?

ಇಲ್ಲಿ ಆಭಾ ನಂಬರ್ ಸಹಾಯಕ್ಕೆ ಬರುತ್ತದೆ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕಿಯ ನಂಬರ್ ಅದು. ತುಂಬಾ ಜನ ಇದನ್ನು ಇನ್ಶೂರೆನ್ಸ್ ಕಾರ್ಡ್ ಜೊತೆ ಗೊಂದಲ ಮಾಡಿಕೊಳ್ಳುತ್ತಾರೆ. ಎರಡೂ ಬೇರೆ. ಆಭಾ ದಾಖಲೆಗಳನ್ನು ಜೋಡಿಸುವ ದಾರ. ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲೇ ಇರುತ್ತದೆ. ರೋಗಿ ಒಪ್ಪಿದರೆ ಮಾತ್ರ ಇನ್ನೊಂದು ಆಸ್ಪತ್ರೆ ಅದನ್ನು ನೋಡಬಹುದು. ಮಾಡಿಸುವುದು ರೋಗಿಯ ಇಷ್ಟ, ಇಲ್ಲದಿದ್ದರೆ ಚಿಕಿತ್ಸೆ ಇಲ್ಲ ಅನ್ನುವ ಹಾಗಿಲ್ಲ. ನೀವು ಕೊಳ್ಳುವ ಸಾಫ್ಟ್‌ವೇರ್ ಇದಕ್ಕೆ ಹೊಂದಿಕೊಳ್ಳಬೇಕು. ನಿಮ್ಮ ರೋಗಿ ಮಣಿಪಾಲಕ್ಕೋ ಬೆಂಗಳೂರಿಗೋ ಹೋದಾಗ ಪ್ಲಾಸ್ಟಿಕ್ ಕವರಿನಲ್ಲಿ ಹಳೇ ಚೀಟಿ ತುಂಬಿಕೊಂಡು ಹೋಗುವುದು ತಪ್ಪಿದರೆ ಅಷ್ಟೇ ಸಾಕಲ್ವಾ.

ನಿಮ್ಮ ಹುಡುಗಿಯರ ಭಯಕ್ಕೆ ಬರೋಣ. ಕೆಲಸ ಎರಡರಷ್ಟಾಗುತ್ತೆ ಅನ್ನುವ ಭಯ ಸುಮ್ನೆ ಬಂದದ್ದಲ್ಲ. ಕಾಗದದಲ್ಲೂ ಬರೆ, ಕಂಪ್ಯೂಟರಿನಲ್ಲೂ ಹಾಕು ಅಂತ ಆರು ತಿಂಗಳು ನಡೆಸುವ ಆಸ್ಪತ್ರೆಗಳು ಬೇಕಾದಷ್ಟಿವೆ. ಹಾಗೆ ಮಾಡಿದರೆ ಎರಡೂ ಕೆಡುತ್ತವೆ. ನಾನೊಂದು ಕಡೆ ರಾತ್ರಿ ದಾಖಲೆ ತೆಗೆದು ನೋಡಿದೆ. ಇಪ್ಪತ್ತೆರಡು ರೋಗಿಗಳ ಬಿಪಿ, ಪಲ್ಸ್, ಟೆಂಪರೇಚರ್ ಎಲ್ಲ ಬೆಳಗಿನ ಜಾವ 5:50ರಿಂದ 6:15ರ ಒಳಗೆ ದಾಖಲಾಗಿತ್ತು. ರಾತ್ರಿಯೆಲ್ಲ ಏನು ಮಾಡಿದರು ಅಂತ ಮ್ಯಾನೇಜರ್ ಕೂಗಾಡಿದರು. ನಾನು ಒಂದು ರಾತ್ರಿ ಅಲ್ಲೇ ಕೂತೆ. ಹುಡುಗಿಯರು ಹೊತ್ತು ಹೊತ್ತಿಗೆ ಸರಿಯಾಗಿ ನೋಡುತ್ತಿದ್ದರು. ಗ್ಲೌಸ್ ಪೊಟ್ಟಣದ ಕಾಗದದ ಮೇಲೆ ಬರೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಇದ್ದದ್ದು ಒಂದೇ ಕಂಪ್ಯೂಟರ್, ಅದೂ ವಾರ್ಡಿನ ಆ ತುದಿಯಲ್ಲಿ. ಒಂದು ಬಿಪಿ ಹಾಕಲು ಏಳು ಕಡೆ ಒತ್ತಬೇಕು. ಬೆಳಗ್ಗೆ ಡ್ಯೂಟಿ ಬಿಡುವ ಮುಂಚೆ ಕೂತು ಎಲ್ಲ ತುಂಬುತ್ತಿದ್ದರು. ಆಮೇಲೆ ಆ ಆಸ್ಪತ್ರೆಯವರು ಎರಡು ಟ್ಯಾಬ್ ಕೊಡಿಸಿದರು, ಕಂಪನಿಯವರು ಏಳು ಒತ್ತನ್ನು ಎರಡಕ್ಕೆ ಇಳಿಸಿದರು. ಮ್ಯಾನೇಜರ್ ಸುಮ್ಮನಾದರು.

ಬಾರ್‌ಕೋಡ್ ತಂದ ಕಡೆಯಲ್ಲೂ ಇದೇ ಹಾಡು. ರೋಗಿಯ ಕೈಪಟ್ಟಿಯ ಬಾರ್‌ಕೋಡನ್ನು ಇನ್ನೊಂದು ಪ್ರಿಂಟ್ ತೆಗೆದು ಕೌಂಟರಿನ ಮೇಲೆ ಅಂಟಿಸಿಕೊಂಡು ಅಲ್ಲೇ ಸ್ಕ್ಯಾನ್ ಮಾಡಿ ಮುಗಿಸುವುದು. ಅಮೆರಿಕದ ಆಸ್ಪತ್ರೆಗಳಲ್ಲೇ ಈ ಅಡ್ಡದಾರಿ ದಾಖಲಾಗಿದೆ. ಹಾಗೆ ಮಾಡಿದವರು ಸೋಮಾರಿಗಳಲ್ಲ. ಸ್ಕ್ಯಾನರಿನ ತಂತಿ ಹಾಸಿಗೆ ತನಕ ಬರುವುದಿಲ್ಲ, ಕೈಪಟ್ಟಿ ನೆನೆದು ಓದಲು ಬರುವುದಿಲ್ಲ, ಇಂಥದ್ದೇ ಕಾರಣ ಇರುತ್ತದೆ. ಹಾಗಾಗಿ ಬಾರ್‌ಕೋಡ್ ಮೊದಲ ವರ್ಷವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮೊದಲು ಡ್ರಗ್ ಚಾರ್ಟ್, ಲ್ಯಾಬ್ ರಿಪೋರ್ಟ್, ಡ್ಯೂಟಿ ಬದಲಾಗುವಾಗಿನ ಹ್ಯಾಂಡ್‌ಓವರ್ ಮೂರು ಸರಿಯಾಗಲಿ. ಡಾಕ್ಟರ ದಿನದ ನೋಟ್ಸ್ ಆಮೇಲೆ. ಟೈಪ್ ಮಾಡಲು ಬೇಸರವಾಗಿ ನಿನ್ನೆಯದನ್ನೇ ನಕಲು ಮಾಡಿ ಅಂಟಿಸುವ ಚಟ ಎಲ್ಲ ಕಡೆ ಇದೆ. ಮೂರು ದಿನದ ಹಿಂದೆ ತೆಗೆದ ಕ್ಯಾತಿಟರ್ ಕೇಸ್ ಶೀಟಿನಲ್ಲಿ ಡಿಸ್ಚಾರ್ಜ್ ತನಕ ಉಳಿದಿರುತ್ತೆ! ಲಾಸ್ ಏಂಜಲಿಸ್‌ನ ಸೀಡರ್ಸ್-ಸೈನೈ ಆಸ್ಪತ್ರೆಯಲ್ಲಿ 2003ರಲ್ಲಿ ಡಾಕ್ಟರುಗಳೇ ತಿರುಗಿಬಿದ್ದು, ಶುರುವಾದ ಕೆಲವೇ ತಿಂಗಳಲ್ಲಿ ಕಂಪ್ಯೂಟರ್ ಆರ್ಡರ್ ಪದ್ಧತಿಯನ್ನು ನಿಲ್ಲಿಸಬೇಕಾಯಿತು. ನಿಮ್ಮ ಡಾಕ್ಟರ್ ತಾವೇ ಟೈಪ್ ಮಾಡುತ್ತಾರಾ ಅಂತ ಈಗಲೇ ನಯವಾಗಿ ಕೇಳಿಬಿಡಿ. "ನೀವು ಹಾಕ್ಕೊಳ್ಳಿ ಸಿಸ್ಟರ್" ಅಂದರೆ ಮೇಲೆ ಹೇಳಿದ ಬೋಸ್ಟನ್ನಿನ ಲಾಭದಲ್ಲಿ ಅರ್ಧ ಹೋಯಿತು. ತಪ್ಪಿನ ಹೊಣೆ ಮಾತ್ರ ನಿಮ್ಮ ತಲೆಗೆ.

ಹೊಣೆಯ ಮಾತು ಬಂದದ್ದರಿಂದ ಪಾಸ್‌ವರ್ಡ್ ವಿಷಯ. ಮಾನಿಟರ್ ಮೇಲೆ ಚೀಟಿ ಅಂಟಿಸಿ ಇಡೀ ವಾರ್ಡ್ ಒಂದೇ ಪಾಸ್‌ವರ್ಡ್ ಬಳಸುವುದನ್ನು ನಾನು ನೋಡದ ಊರಿಲ್ಲ. ಯಾರು ಯಾವಾಗ ಏನು ಬರೆದರು, ಏನು ತಿದ್ದಿದರು ಅನ್ನುವುದು ಆ ಪಾಸ್‌ವರ್ಡಿನ ಹೆಸರಲ್ಲಿ ಉಳಿಯುತ್ತದೆ. ನಾಳೆ ಗ್ರಾಹಕರ ನ್ಯಾಯಾಲಯದಲ್ಲಿ ಆ ಹೆಸರು ನಿಮ್ಮದಾಗಿದ್ದರೆ "ಅದು ನಾನಲ್ಲ" ಅನ್ನಲು ದಾರಿ ಇರುವುದಿಲ್ಲ. ಪ್ರತಿಯೊಬ್ಬರಿಗೂ ಬೇರೆ ಹೆಸರು ಬೇಕು. ಒಳಗೆ ಹೋಗುವುದು ಸುಲಭ ಇರಬೇಕು, ಬೆರಳಚ್ಚೋ ಕಾರ್ಡೋ ಏನಾದರೂ. ಕಷ್ಟ ಮಾಡಿದರೆ ಜನ ಮತ್ತೆ ಚೀಟಿಗೇ ಬರುತ್ತಾರೆ.

ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯರ ನಡವಳಿಕೆಯ ನಿಯಮಗಳಲ್ಲೇ ಇದೆ. ಬೇಗ ಹುಡುಕಲು ಸಿಗುವಂತೆ ದಾಖಲೆಗಳನ್ನು ಕಂಪ್ಯೂಟರಿಗೆ ತರುವ ಪ್ರಯತ್ನ ಮಾಡಬೇಕು ಅಂತಲೂ ಅಲ್ಲೇ ಬರೆದಿದೆ. ಹಾಗಾಗಿ ಕರಾರಿನಲ್ಲಿ ಒಂದು ಸಾಲು ಇರಲೇಬೇಕು. ಈ ಕಂಪನಿಯನ್ನು ಬಿಡುವ ದಿನ ಎಲ್ಲ ದಾಖಲೆಯನ್ನು ಬೇರೆ ಸಾಫ್ಟ್‌ವೇರ್ ಓದಬಲ್ಲ ರೂಪದಲ್ಲಿ ವಾಪಸ್ ಕೊಡಬೇಕು. ಆಸ್ಪತ್ರೆ ಸಾಫ್ಟ್‌ವೇರ್‌ಗಳು ಒಂದಕ್ಕೊಂದು ಮಾತಾಡಲು ಎಚ್‌ಎಲ್7, ಈಗ ಅದರ ಹೊಸ ರೂಪ ಫೈರ್, ಅಂತ ಒಪ್ಪಿತವಾದ ಭಾಷೆ ಇದೆ. ಸ್ಕ್ಯಾನ್, ಎಕ್ಸ್‌ರೇ ಚಿತ್ರಗಳಿಗೆ ಡೈಕಾಮ್. ಈ ಮೂರು ಹೆಸರು ನಿಮಗೆ ಅರ್ಥವಾಗಬೇಕಿಲ್ಲ. ಕರಾರಿನಲ್ಲಿ ಕಂಡರೆ ಸಾಕು. ಪಿಡಿಎಫ್ ಮಾಡಿ ಪೆನ್‌ಡ್ರೈವ್‌ನಲ್ಲಿ ಕೊಡ್ತೀವಿ ಅಂದರೆ ಒಪ್ಪಬೇಡಿ.

ದುಡ್ಡು ಕೊಡದೆ ಸಿಗುವ ಸಾಫ್ಟ್‌ವೇರ್ ಇಲ್ಲವೇ ಅಂತ ಡಾಕ್ಟರ್ ಕೇಳಬಹುದು. ಇದೆ. ಛತ್ತೀಸ್‌ಗಢದ ಬಿಲಾಸ್‌ಪುರದ ಹತ್ತಿರ ಗನಿಯಾರಿ ಅನ್ನುವ ಹಳ್ಳಿಯಲ್ಲಿ ಜನ ಸ್ವಾಸ್ಥ್ಯ ಸಹಯೋಗದ ಆಸ್ಪತ್ರೆ ಇದೆ. ಅಲ್ಲಿ ಮೊದಲು ಬಳಕೆಗೆ ಬಂದ ಬಹ್ಮನಿ ಅನ್ನುವ ಸಾಫ್ಟ್‌ವೇರ್ ಈಗ ಬೇರೆ ದೇಶಗಳಲ್ಲೂ ನಡೆಯುತ್ತಿದೆ. ಹೆಸರು ಕೇಳಿದಾಗ ನನಗೆ ಮೊದಲು ಕಲಬುರಗಿ ಕೋಟೆ ನೆನಪಾಗಿತ್ತು. ಓಪನ್‌ಎಂಆರ್‌ಎಸ್ ಅನ್ನುವ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶದ ಮೇಲೆ ಈ ಸಾಫ್ಟ್‌ವೇರ್ ಕಟ್ಟಿದ್ದಾರೆ. ಚಿಕ್ಕ ಆಸ್ಪತ್ರೆಯ ಕೆಲಸ ನೋಡಿಯೇ ಮಾಡಿದ್ದರಿಂದ ಅದರ ಅಳತೆ ನಮಗೆ ಹೊಂದುತ್ತದೆ. ಆದರೆ ಸಾಫ್ಟ್‌ವೇರ್ ಬಿಟ್ಟಿ, ನೋಡಿಕೊಳ್ಳುವವರು ಬಿಟ್ಟಿಯಲ್ಲ. ಕೆಟ್ಟಾಗ ಬಂದು ನಿಲ್ಲುವ ಒಬ್ಬರು ಹತ್ತಿರದಲ್ಲಿ ಇದ್ದರೆ ಮಾತ್ರ ಆ ದಾರಿ ಹಿಡಿಯಿರಿ. ಸರ್ಕಾರಿ ಆಸ್ಪತ್ರೆಗಳಲ್ಲಿ ನೀವು ನೋಡಿರಬಹುದಾದ ಇ-ಹಾಸ್ಪಿಟಲ್, ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆಯಾದ ಎನ್‌ಐಸಿಯವರದು. ಅದರ ದಾರಿ ಬೇರೆ.

ಕೆಟ್ಟಾಗ ಅಂದೆ. ಕೆಡುತ್ತದೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ನ ಸರ್ವರ್‌ಗಳನ್ನು ಸೈಬರ್ ದಾಳಿಕೋರರು ಬೀಗ ಹಾಕಿದಂತೆ ಮಾಡಿಟ್ಟರು. ಸುಮಾರು ಎರಡು ವಾರ ರಿಜಿಸ್ಟ್ರೇಷನ್, ಲ್ಯಾಬ್ ರಿಪೋರ್ಟ್ ಎಲ್ಲ ಕೈಬರಹಕ್ಕೆ ಬಂತು. ಅವರಿಗೇ ಹಾಗಾದರೆ ನಮ್ಮ ಮಳೆಗಾಲದ ಕರೆಂಟ್ ಯಾವ ಲೆಕ್ಕ. ವಾರ್ಡಿನಲ್ಲಿ ಒಂದು ಟಿನ್ ಪೆಟ್ಟಿಗೆ ಇಡಿ. ಅದರಲ್ಲಿ ಖಾಲಿ ಡ್ರಗ್ ಚಾರ್ಟ್, ಟಿಪಿಆರ್ (ಟೆಂಪರೇಚರ್, ಪಲ್ಸ್, ಉಸಿರು) ಚಾರ್ಟ್, ಲ್ಯಾಬ್ ಚೀಟಿ, ಎರಡು ಪೆನ್ನು, ಟಾರ್ಚ್. ಎಲ್ಲ ರೋಗಿಗಳ ಈಗಿನ ಔಷಧಿ ಪಟ್ಟಿ ಆರು ಗಂಟೆಗೊಮ್ಮೆ ವಾರ್ಡಿನ ಪ್ರಿಂಟರ್‌ನಲ್ಲಿ ತಾನಾಗಿ ಬರುವಂತೆ ಮಾಡಿಸಿಕೊಳ್ಳಿ. ಮೂರು ತಿಂಗಳಿಗೊಮ್ಮೆ ಬೇಕಂತಲೇ ಎರಡು ಗಂಟೆ ಕಂಪ್ಯೂಟರ್ ಆರಿಸಿ ಅಭ್ಯಾಸ ಮಾಡಿ. ಹೊಸದಾಗಿ ಸೇರಿದ ಹುಡುಗಿಯರು ಕಾಗದದ ಡ್ರಗ್ ಚಾರ್ಟನ್ನೇ ನೋಡದೆ ಬಂದಿರುತ್ತಾರೆ, ಅವರಿಗೆ ಕಲಿಸಬೇಕಾಗುತ್ತದೆ.

ಕೊನೆಗೆ ಕನ್ನಡ. ಬರುತ್ತಾ ಅಂದರೆ ಬರುತ್ತದೆ, ಎಲ್ಲಿ ಬೇಕೋ ಅಲ್ಲಿ ಇಟ್ಟರೆ. ಡ್ರಗ್ ಚಾರ್ಟ್ ಇಂಗ್ಲಿಷಿನಲ್ಲೇ ಇರಲಿ. ಔಷಧಿ ಹೆಸರು, ಡೋಸ್ ಎರಡು ಲಿಪಿಯಲ್ಲಿ ಓಡಾಡಿದರೆ ಅದೇ ಹೊಸ ತಪ್ಪಿಗೆ ದಾರಿ. ಕನ್ನಡ ಬೇಕಾದದ್ದು ರೋಗಿ ಮನೆಗೆ ಒಯ್ಯುವ ಕಾಗದದಲ್ಲಿ. ಡಿಸ್ಚಾರ್ಜ್ ಸಮ್ಮರಿಯ ಜೊತೆ ಇನ್ನೊಂದು ಹಾಳೆ. ಅದರಲ್ಲಿ 1-0-1 ಅಂತ ಬರೆಯದೆ "ಬೆಳಗ್ಗೆ ತಿಂಡಿ ಆದ ಮೇಲೆ ಒಂದು, ರಾತ್ರಿ ಊಟ ಆದ ಮೇಲೆ ಒಂದು, ಏಳು ದಿನ" ಅಂತ ದಪ್ಪ ಅಕ್ಷರದಲ್ಲಿ ಇರಲಿ. ಯಾವ ಲಕ್ಷಣ ಕಂಡರೆ ತಕ್ಷಣ ವಾಪಸ್ ಬರಬೇಕು ಅಂತಲೂ ಇರಲಿ. ರಿಜಿಸ್ಟ್ರೇಷನ್‌ನಲ್ಲಿ ಹೆಸರು ಬರೆಯಲು ಕನ್ನಡದ ಒಂದು ಪೆಟ್ಟಿಗೆ ಕೇಳಿ. ಲಕ್ಷ್ಮಮ್ಮನ ಎಕ್ಸ್ ಜಗಳ ಅಲ್ಲಿಗೆ ಬಹುಪಾಲು ಮುಗಿಯುತ್ತದೆ.

ಒಂದು ಪರೀಕ್ಷೆ ಮಾತ್ರ ಮಾಡಿ. ಕನ್ನಡ ಯೂನಿಕೋಡ್‌ನಲ್ಲಿ, ಅಂದರೆ ಯಾವ ಕಂಪ್ಯೂಟರ್, ಯಾವ ಫೋನಿನಲ್ಲೂ ಓದಲು ಬರುವ ರೂಪದಲ್ಲಿ, ಇದೆಯಾ ಅಂತ ಕೇಳಿ. ಕೆಲವರು ಇನ್ನೂ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸುತ್ತಾರೆ. ಆ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತದೆ, ರೋಗಿಯ ಮಗನ ಮೊಬೈಲಿಗೆ ಕಳಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ. ಆ ಹಾಳೆಯನ್ನು ಅವರ ಎದುರಿಗೇ ನಿಮ್ಮ ಫೋನಿಗೆ ಕಳಿಸಲು ಹೇಳಿ, ತೆರೆದು ನೋಡಿ. ಒತ್ತಕ್ಷರ ಸರಿಯಾಗಿ ಕೂತಿದ್ದರೆ ಮುಂದಿನ ಮಾತು.